ಬಂದೂಕಿನ ಬದಲು ಬ್ಯಾಂಡೇಜು ಹಿಡಿದ ಸಿಪಾಯಿಗಳು

ಪಿಂಪಳಗಾಂವ್ ಬಸವಂತ್: ದ್ರಾಕ್ಷಿ, ಈರುಳ್ಳಿ, ಟೊಮೆಟೊ ಮಾರುಕಟ್ಟೆಗೆ ಹೆಸರಾದ ನಮ್ಮ ಈ ಊರನ್ನು ಸೀಳಿಕೊಂಡು ಹೋಗುವ ಮುಂಬಯಿ-ಆಗ್ರಾ ರಸ್ತೆಯಲ್ಲಿ ಹೋಟೆಲು ನಡೆಸುವ ಕನ್ನಡಿಗರಿದ್ದಾರೆ. ಪಕ್ಕದ ಓಝರ್‌ನ ಎಚ್‌ಎಎಲ್ ವಿಮಾನ ಕಾರ್ಖಾನೆಗೆ ಬೆಂಗಳೂರಿನಿಂದ ಬಂದು ಇಲ್ಲಿಯವರೇ ಆಗಿಹೋದವರೂ ಇದ್ದಾರೆ. ಆದರೆ ಇದೇ ರಸ್ತೆಯ ಆ ತುದಿಯಲ್ಲಿ, ಆಗ್ರಾದಲ್ಲಿ, ಜಗತ್ತೇ ಮೆಚ್ಚಿದ ಒಂದು ಸೇನಾ ಆಸ್ಪತ್ರೆ ದಳವಿದೆ ಎಂಬುದು ನಮ್ಮಲ್ಲಿ ಬಹಳ ಮಂದಿಗೆ ತಿಳಿದಂತಿಲ್ಲ. 60ನೇ ಪ್ಯಾರಾಚೂಟ್ ಫೀಲ್ಡ್ ಆಂಬ್ಯುಲೆನ್ಸ್ ಎಂಬುದು ಅದರ ಹಳೆಯ ಹೆಸರು. ಆಂಬ್ಯುಲೆನ್ಸ್ ಎಂದಾಕ್ಷಣ ಸೈರನ್ ಹಾಕಿಕೊಂಡು ಓಡುವ ಗಾಡಿ ನೆನಪಾಗಬಹುದು. ಸೇನೆಯ ಭಾಷೆಯಲ್ಲಿ ಅದು ಯುದ್ಧಭೂಮಿಯ ಹಿಂದೆ ಡೇರೆ ಹಾಕಿ ಗಾಯಾಳುಗಳನ್ನು ನೋಡಿಕೊಳ್ಳುವ ಒಂದು ಪೂರ್ಣ ತುಕಡಿ.

ಬ್ಯಾಂಕಿನಲ್ಲಿ ಪೆನ್ಷನ್ ಕೌಂಟರಿನಲ್ಲಿ ಕೂತವನಿಗೆ ಮಾಜಿ ಸೈನಿಕರ ಪರಿಚಯ ಸಹಜ. ನವೆಂಬರ್ ಬಂತೆಂದರೆ ಜೀವನ ಪ್ರಮಾಣ ಪತ್ರಕ್ಕಾಗಿ ಸಾಲು ಹಚ್ಚುತ್ತಾರೆ. ಸಾಲಿನಲ್ಲಿ ನಿಂತವರು ಯಾವ ರೆಜಿಮೆಂಟು, ಎಲ್ಲಿ ಪೋಸ್ಟಿಂಗು ಎಂದು ಮಾತಿಗಿಳಿದಾಗ ತೋಪಿನವರ, ಟ್ಯಾಂಕಿನವರ ದನಿ ದೊಡ್ಡದಾಗಿರುತ್ತದೆ. ‘ನರ್ಸಿಂಗ್ ಅಸಿಸ್ಟೆಂಟ್’ ಆಗಿದ್ದವರು ಮಾತ್ರ ಅಷ್ಟು ಹೇಳಿ ಸುಮ್ಮನಾಗುತ್ತಾರೆ. ದಾದಿ ಎಂದರೆ ಹೆಂಗಸರು ಮಾಡುವ ಕೆಲಸ ಎಂಬ ಭಾವನೆ ನಮ್ಮ ಜನರಲ್ಲಿ ಇನ್ನೂ ಹೋಗಿಲ್ಲ. ಈ ಕೆಲಸ ಏನು, ಎಷ್ಟು ಎಂಬುದನ್ನು ತಿಳಿಯಬೇಕಾದರೆ ಕೊರಿಯಾ ಯುದ್ಧದತ್ತ ನೋಡಬೇಕು.

1950ರ ಜೂನ್‌ನಲ್ಲಿ ಆ ಯುದ್ಧ ಆರಂಭವಾದಾಗ ಭಾರತವು ಕಾದಾಡುವ ಸೈನ್ಯವನ್ನು ಕಳುಹಿಸದೆ ವೈದ್ಯಕೀಯ ದಳವನ್ನು ಮಾತ್ರ ಕಳುಹಿಸಿತು. ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅವರ ನೇತೃತ್ವದಲ್ಲಿ ಸುಮಾರು 340 ಜನ ಆ ವರ್ಷದ ನವೆಂಬರ್‌ನಲ್ಲಿ ಬೂಸಾನ್ ಬಂದರಿನಲ್ಲಿ ಇಳಿದರು. ಇವರಲ್ಲಿ ವೈದ್ಯರು ಕೆಲವೇ ಮಂದಿ. ಉಳಿದವರೆಲ್ಲ ಶುಶ್ರೂಷೆ ಮಾಡುವ, ಸ್ಟ್ರೆಚರ್ ಹೊರುವ, ಗಾಡಿ ಓಡಿಸುವ, ಅಡುಗೆ ಮಾಡುವ ಸಿಪಾಯಿಗಳು.

ದಳವು ಉತ್ತರ ಕೊರಿಯಾದ ಪ್ಯಾಂಗ್ಯಾಂಗ್ ತಲುಪುವಷ್ಟರಲ್ಲಿ ಚೀನಾದ ಸೇನೆ ನುಗ್ಗಿ ಬಂದು, ಎಲ್ಲರೂ ಹಿಂದಕ್ಕೆ ಹೊರಟಿದ್ದರು. ಆಸ್ಪತ್ರೆಯ ಸಾಮಾನು ಸಾಗಿಸಲು ಸಾಕಷ್ಟು ಲಾರಿಗಳಿರಲಿಲ್ಲ. ಬಿಟ್ಟು ಬಂದಿದ್ದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ. ಆದರೆ ಸಾಮಾನಿಲ್ಲದ ಆಸ್ಪತ್ರೆ ಇದ್ದೂ ಇಲ್ಲದಂತೆ. ನಿಲ್ದಾಣದಲ್ಲಿ ಬಿದ್ದಿದ್ದ ಒಂದು ಉಗಿ ಎಂಜಿನ್ ಮತ್ತು ಕೆಲವು ಡಬ್ಬಿಗಳನ್ನು ಹುಡುಕಿ, ಸಾಲಾಗಿ ನಿಂತು ಬಕೆಟ್ಟುಗಳಲ್ಲಿ ನೀರು ದಾಟಿಸಿ ಬಾಯ್ಲರ್ ತುಂಬಿಸಿದರು. ಎಂಜಿನ್ ನಡೆಸುವುದನ್ನು ಬಲ್ಲವರು ದಳದಲ್ಲೇ ಸಿಕ್ಕಿದರು! ಸೇತುವೆಗಳನ್ನು ಸ್ಫೋಟಿಸುವ ಮೊದಲೇ ಆ ರೈಲು ನದಿ ದಾಟಿ ದಕ್ಷಿಣಕ್ಕೆ ಬಂತು. ಒಂದು ಶಿಸ್ತಿನ ಗೋದಾಮು ಲೆಕ್ಕದವನ ಮನಸ್ಸಿನಿಂದ ನೋಡಿದರೂ ಇದು ಸಾಧಾರಣ ಸಾಹಸವಲ್ಲ.

ಆಮೇಲೆ ಕೆಲಸ ಎರಡು ಕಡೆ ಹಂಚಿಹೋಯಿತು. ಒಂದು ಭಾಗ ಕಾಮನ್‌ವೆಲ್ತ್ ಬ್ರಿಗೇಡಿನ ಬೆನ್ನ ಹಿಂದೆ ನಿಂತಿತು. ಇನ್ನೊಂದು ಭಾಗ ಮೇಜರ್ ಎನ್.ಬಿ. ಬ್ಯಾನರ್ಜಿ ಅವರ ಕೈಕೆಳಗೆ ಡೇಗು ನಗರದಲ್ಲಿ ಕೊರಿಯಾದ ಸೈನಿಕರನ್ನೂ ನಿರಾಶ್ರಿತ ಜನರನ್ನೂ ನೋಡಿಕೊಂಡಿತು. 1951ರ ಮಾರ್ಚ್ 23ರಂದು ಮುನ್ಸಾನ್‌ನಲ್ಲಿ ಅಮೆರಿಕದ ಛತ್ರಿ ಸೈನಿಕರ ಜತೆ ಈ ದಳದ 12 ಜನರೂ ವಿಮಾನದಿಂದ ಹಾರಿದರು.

ಗಾಯಾಳು ಬಂದಾಗ ಶಸ್ತ್ರವೈದ್ಯನ ಕತ್ತರಿಗಿಂತ ಮೊದಲು ಮುಟ್ಟುವ ಕೈ ಈ ಸಿಪಾಯಿಯದು. ರಕ್ತ ನಿಲ್ಲಿಸಬೇಕು, ಮುರಿದ ಎಲುಬಿಗೆ ಪಟ್ಟಿ ಕಟ್ಟಬೇಕು. ಮಾರ್ಫಿನ್ ಕೊಟ್ಟರೆ ಹಣೆಯ ಮೇಲೆ ‘ಎಂ’ ಎಂದು ಬರೆದು ಹೊತ್ತನ್ನೂ ನಮೂದಿಸಬೇಕು. ಇಲ್ಲವಾದರೆ ಮುಂದಿನ ಡೇರೆಯವರು ಮತ್ತೊಮ್ಮೆ ಕೊಟ್ಟು, ಗುಂಡಿಗೆ ಸಾಯದವನು ಮದ್ದಿಗೆ ಸಾಯಬಹುದು. ಆ ಕಾಲದ ಪೆನಿಸಿಲಿನ್ ಇಂಜೆಕ್ಷನ್ನನ್ನು ಕೆಲವು ಗಂಟೆಗೊಮ್ಮೆ, ನಡುರಾತ್ರಿಯಲ್ಲೂ, ಚುಚ್ಚಬೇಕಿತ್ತು. ಇನ್ನು ಚಳಿ. ನಮ್ಮ ನಿಫಾಡ್ ತಾಲೂಕಿನಲ್ಲಿ ಪಾರಾ ನಾಲ್ಕೈದು ಡಿಗ್ರಿಗೆ ಇಳಿದರೆ ದ್ರಾಕ್ಷಿ ತೋಟಗಳಲ್ಲಿ ಬೆಂಕಿ ಹಾಕಿ ರಾತ್ರಿಯಿಡೀ ಕಾಯುತ್ತಾರೆ. ಕೊರಿಯಾದಲ್ಲಿ ಅದು ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿಳಿಯುತ್ತಿತ್ತು. ಪ್ಲಾಸ್ಮಾ ಬಾಟಲಿಗಳು ಹೆಪ್ಪುಗಟ್ಟುತ್ತಿದ್ದವು. ಮಾರ್ಫಿನ್ ಟ್ಯೂಬು ಗಟ್ಟಿಯಾಗದಿರಲಿ ಎಂದು ಅಮೆರಿಕನ್ ಸೇನೆಯ ಶುಶ್ರೂಷಕರು ಅದನ್ನು ಬಾಯೊಳಗೆ ಇಟ್ಟುಕೊಳ್ಳುತ್ತಿದ್ದರಂತೆ.

1949ರ ಜಿನೀವಾ ಒಪ್ಪಂದದ ಪ್ರಕಾರ ರೆಡ್‌ಕ್ರಾಸ್ ಪಟ್ಟಿ ತೊಟ್ಟ ಇವರು ತಮ್ಮನ್ನೂ ತಮ್ಮ ರೋಗಿಗಳನ್ನೂ ಉಳಿಸಿಕೊಳ್ಳಲು ಮಾತ್ರ ಆಯುಧ ಎತ್ತಬಹುದು. ಶತ್ರುವಿನ ಗಾಯಾಳು ಬಂದರೂ ಅದೇ ಹಾಸಿಗೆ, ಅದೇ ಔಷಧ. ಗುಂಡು ಹಾರುವ ಜಾಗದಲ್ಲಿ ಗುಂಡು ಹಾರಿಸದೆ ನಿಲ್ಲಲು ಬೇಕಾದ ಧೈರ್ಯ ಕಡಿಮೆಯದೇನಲ್ಲ ಎಂಬುದು ನನ್ನ ಅಭಿಪ್ರಾಯ.

ಕನ್ನಡಿಗರಾದ ನಮಗೆ ಈ ಕಥೆಯಲ್ಲಿ ಇನ್ನೊಂದು ಹೆಮ್ಮೆಯಿದೆ. 1953ರ ಜುಲೈನಲ್ಲಿ ಕದನ ವಿರಾಮವಾದ ಬಳಿಕ, ತಾಯ್ನಾಡಿಗೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಭವಿಷ್ಯ ನಿರ್ಧರಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾದವರು ನಮ್ಮ ಮಡಿಕೇರಿಯ ಜನರಲ್ ಕೆ.ಎಸ್. ತಿಮ್ಮಯ್ಯ. ಕೈದಿಗಳನ್ನು ಕಾಯಲು ಬಂದ ಭಾರತೀಯ ಪಡೆಯ ಜತೆ 60ನೇ ದಳವೂ ಸೇರಿಕೊಂಡು, 1954ರಲ್ಲಿ ಸ್ವದೇಶಕ್ಕೆ ಮರಳಿತು. ಮೂರು ವರ್ಷಕ್ಕೂ ಮೀರಿದ ಆ ಅವಧಿಯಲ್ಲಿ ದಳವು ನೋಡಿಕೊಂಡ ರೋಗಿಗಳು ಸುಮಾರು 2 ಲಕ್ಷ. ನಡೆದ ಶಸ್ತ್ರಚಿಕಿತ್ಸೆಗಳು 2,300ಕ್ಕೂ ಹೆಚ್ಚು. ರಂಗರಾಜ್ ಮತ್ತು ಬ್ಯಾನರ್ಜಿ ಇಬ್ಬರಿಗೂ ಮಹಾವೀರ ಚಕ್ರ ಬಂತು. ಲೇಖನಗಳಲ್ಲಿ ಮತ್ತೆ ಮತ್ತೆ ಕಾಣಿಸುವುದು ಅಧಿಕಾರಿಗಳ ಹೆಸರೇ. ರಾತ್ರಿಯಿಡೀ ಸೂಜಿ ಕುದಿಸಿದವರನ್ನು ‘ಇತರ ದರ್ಜೆಯವರು’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ.

ನರ್ಸಿಂಗ್ ಅಸಿಸ್ಟೆಂಟ್ ಆಗಲು ಈಗ ಜೀವಶಾಸ್ತ್ರ ಸಹಿತ ವಿಜ್ಞಾನದಲ್ಲಿ ಹನ್ನೆರಡನೇ ತರಗತಿ ಪಾಸಾಗಿರಬೇಕು. ಭರ್ತಿ ಎಲ್ಲ ರಾಜ್ಯದವರಿಗೂ ಇದೆ, ಸೇನಾ ವೈದ್ಯಕೀಯ ದಳದ ತರಬೇತಿ ಕೇಂದ್ರ ಲಖನೌದಲ್ಲಿ. ಡಾಕ್ಟರಾಗಲು ಅಂಕ ಸಾಲದೆ ಮನೆಯಲ್ಲಿ ಕೂತ ನಮ್ಮ ಹುಡುಗರಿಗೆ ಹಿರಿಯರು ಈ ದಾರಿಯನ್ನೂ ಹೇಳಬಹುದು.

2023ರ ಫೆಬ್ರವರಿಯಲ್ಲಿ ತುರ್ಕಿಯಲ್ಲಿ ಭೂಕಂಪವಾದಾಗ ಆಗ್ರಾದ ಇದೇ ದಳದ 99 ಜನ ವಾಯುಪಡೆಯ ವಿಮಾನವೇರಿ ಹೋಗಿ ಇಸ್ಕೆಂದರುನ್ ಪಟ್ಟಣದಲ್ಲಿ ಆಸ್ಪತ್ರೆ ತೆರೆದರು. ಎರಡು ವಾರದೊಳಗೆ ಅವರು ನೋಡಿದ ರೋಗಿಗಳು 3,600ರಷ್ಟು. ಈ ಬಾರಿ ಎಕ್ಸ್‌ರೇ ಯಂತ್ರ, ಜನರೇಟರ್ ಎಲ್ಲವೂ ಅವರ ಜತೆಯಲ್ಲೇ ವಿಮಾನದಲ್ಲಿ ಬಂದಿದ್ದವು.