ಕಾಲಿಗೆ ತಿಳಿಯುವ ಕೋಟೆ

ರಾಜಗಡದ ಚೋರ ದರವಾಜಾ ಎಷ್ಟು ಸಣ್ಣದೆಂದರೆ, ಬೆನ್ನಿಗೆ ಚೀಲ ಹಾಕಿಕೊಂಡು ನೇರವಾಗಿ ನುಗ್ಗಲು ಹೋದರೆ ಚೀಲ ಮೇಲಿನ ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಗುಂಜವಣೆ ಎಂಬ ಊರಿನಿಂದ ಗದ್ದೆ ದಾಟಿ, ಕುರುಚಲು ಕಾಡು ದಾಟಿ, ಕೊನೆಗೆ ಬಂಡೆಗೆ ಜಡಿದ ಕಬ್ಬಿಣದ ಸರಳು ಹಿಡಿದು ಹತ್ತಿದವರಿಗೆ ಅಷ್ಟು ಹೊತ್ತಿಗೆ ತಲೆ ಎತ್ತುವ ಚೈತನ್ಯವೂ ಇರುವುದಿಲ್ಲ. ಆ ಸ್ಥಿತಿಯಲ್ಲಿ, ಸೊಂಟ ಬಗ್ಗಿಸಿಕೊಂಡು, ಒಬ್ಬರ ಹಿಂದೆ ಒಬ್ಬರಂತೆ ಒಳಹೋಗಬೇಕು. ಮೊದಲ ಸಲ ಹೋದಾಗ ನಾನು ಮಂಡಿಯೂರಿಯೇ ಒಳಬಿದ್ದೆ. ಕಣ್ಣೆತ್ತಿದರೆ ಎದುರಿಗೆ ಪದ್ಮಾವತಿ ಕೆರೆ. ಬಾಗಿಲ ಒಳಬದಿಯಲ್ಲಿ ಕತ್ತಿ ಹಿಡಿದ ಒಬ್ಬನೇ ಒಬ್ಬ ಕಾವಲುಗಾರ ನಿಂತಿದ್ದರೆ ನನ್ನ ಗತಿ ಏನಾಗುತ್ತಿತ್ತು ಎಂಬುದು ಹೊಳೆದದ್ದು ಆ ಕೆರೆಯ ದಂಡೆಯಲ್ಲಿ ಕೂತು ಸುಧಾರಿಸಿಕೊಳ್ಳುವಾಗ.

ಗಿರಿದುರ್ಗವೆಂದರೆ ಬೆಟ್ಟದ ತುದಿಯಲ್ಲಿ ಕಟ್ಟಿದ ಗೋಡೆ ಎಂದೇ ನಾವು ಅಂದುಕೊಂಡಿರುತ್ತೇವೆ. ಸಹ್ಯಾದ್ರಿಯ ಗಡಗಳನ್ನು ನೋಡಿದರೆ ಇದು ತಿರುಗುಮುರುಗು. ಅಲ್ಲಿ ಬೆಟ್ಟವೇ ಕೋಟೆ. ಬೆಟ್ಟ ಕೈಬಿಟ್ಟ ಕಡೆ ಮಾತ್ರ ಗೋಡೆ. ಹಗೆ ಗೋಡೆಯ ಬುಡಕ್ಕೆ ಬರುವ ಹೊತ್ತಿಗೆ ಅವನ ಅರ್ಧ ಬಲ ಏರಿನಲ್ಲೇ ಸೋರಿಹೋಗಿರಬೇಕು ಎನ್ನುವುದು ಕಟ್ಟಿದವರ ಲೆಕ್ಕ. ನಮಗೆ ಹತ್ತುವಾಗ ಬರುವ ಏದುಸಿರು ಆ ಲೆಕ್ಕದ್ದೇ ಭಾಗ. ಹಾಗಾಗಿ ಈ ಕೋಟೆಗಳು ಚಿತ್ರಪಟದಲ್ಲಿ ಅರ್ಥವಾಗುವುದು ಕಡಿಮೆ. ರೋಪ್‌ವೇಯಲ್ಲಿ ಕೂತು ರಾಯಗಡಕ್ಕೆ ಹೋಗಿ ಬಂದವರು ಅರಮನೆಯ ಅಡಿಪಾಯ ನೋಡಿರುತ್ತಾರೆ, ಕೋಟೆಯನ್ನಲ್ಲ. ವಯಸ್ಸಾದವರನ್ನು ಹೊರತುಪಡಿಸಿ ಹೇಳುತ್ತಿದ್ದೇನೆ.

ಈ ಬೆಟ್ಟಗಳು ಹೀಗಿರಲು ಕಾರಣ ಸುಮಾರು 6.6 ಕೋಟಿ ವರ್ಷಗಳ ಹಿಂದಿನದು. ನೆಲದ ಬಿರುಕುಗಳಿಂದ ಉಕ್ಕಿದ ಲಾವಾ ಒಂದರ ಮೇಲೊಂದು ಪದರವಾಗಿ ಹರಡಿ, ಆರಿ, ಕಪ್ಪು ಬಸಾಲ್ಟ್ ಕಲ್ಲಾಯಿತು. ಕೆಲವು ಪದರ ಗಟ್ಟಿ. ಸವೆದರೂ ನೆಟ್ಟಗೆ ಗೋಡೆಯ ಹಾಗೆ ನಿಲ್ಲುತ್ತವೆ. ನಡುನಡುವಿನ ಪದರ ಮೆತ್ತಗೆ, ತೂತುತೂತು. ಬೇಗ ಸವೆದು ಇಳಿಜಾರಾಗುತ್ತದೆ. ಗೋಡೆ, ಇಳಿಜಾರು, ಮತ್ತೆ ಗೋಡೆ. ದೂರದಿಂದ ನೋಡಿದರೆ ಯಾರೋ ದೈತ್ಯ ಮೆಟ್ಟಿಲು ಕಡಿದಂತಿರುತ್ತದೆ. ಭೂವಿಜ್ಞಾನಿಗಳು ಇದನ್ನು ಡೆಕ್ಕನ್ ಟ್ರ್ಯಾಪ್ ಎನ್ನುತ್ತಾರೆ; ಟ್ರ್ಯಾಪ್ ಎಂಬ ಮಾತು ಬಂದದ್ದು ಮೆಟ್ಟಿಲು ಎಂಬ ಅರ್ಥದ ಸ್ವೀಡಿಷ್ ಪದದಿಂದ. ಮೇಲಿನ ಗಟ್ಟಿ ಪದರದ ನೆತ್ತಿ ಬಾಲೇಕಿಲ್ಲಾ. ಅದರ ಕೆಳಗೆ ಬೆಟ್ಟದ ಸುತ್ತ ಚಾಚಿಕೊಂಡ ಜಗುಲಿ ಮಾಚಿ. ಬಾಲೇಕಿಲ್ಲಾ ಎಂದಾಗ ನಮ್ಮ ಕಿವಿಗೆ ಬಾಲ ಕೇಳಿಸುತ್ತದೆ. ಪಾರಸಿಯಲ್ಲಿ ‘ಬಾಲಾ’ ಎಂದರೆ ಮೇಲಿನದು.

ರಾಜಗಡಕ್ಕೆ ಇಂಥ ಮಾಚಿಗಳು ಮೂರು: ಪದ್ಮಾವತಿ, ಸುವೇಳಾ, ಸಂಜೀವನಿ. ಮೂರೂ ಮೂರು ದಿಕ್ಕಿಗೆ ಚಾಚಿವೆ, ನಡುವೆ ಬಾಲೇಕಿಲ್ಲಾ ಎದ್ದು ನಿಂತಿದೆ. ಶಿವಾಜಿಯ ರಾಜಧಾನಿ ರಾಯಗಡಕ್ಕೆ ಹೋಗುವ ಮುನ್ನ ಸುಮಾರು ಕಾಲು ಶತಮಾನ ರಾಜ್ಯಭಾರ ನಡೆದದ್ದು ಇಲ್ಲಿಂದಲೇ. ಅವನ ಮೊದಲ ಹೆಂಡತಿ ಸಯೀಬಾಯಿ 1659ರಲ್ಲಿ ತೀರಿಕೊಂಡದ್ದು ಇಲ್ಲಿ, ಮಗ ರಾಜಾರಾಮ 1670ರಲ್ಲಿ ಹುಟ್ಟಿದ್ದು ಇಲ್ಲಿ. ಮೂರರಲ್ಲಿ ನನಗೆ ಎಷ್ಟು ಸಲ ನೋಡಿದರೂ ತೀರದ್ದು ಸಂಜೀವನಿ ಮಾಚಿ. ಉದ್ದನೆಯ ಬೆನ್ನಿನ ಮೇಲೆ ಹಾವಿನ ಹಾಗೆ ಹೊರಳುತ್ತ ಹೋಗುವ ಕೋಟೆಸಾಲು. ಅಲ್ಲಲ್ಲಿ ಗೋಡೆಯ ಹೊರಗೆ ಇನ್ನೊಂದು ಗೋಡೆ. ಎರಡರ ನಡುವೆ ಆಳವಾದ ಕಿರಿದಾದ ಸಂದು. ಹೊರಗೋಡೆಗೆ ಗುಂಡು ಬಿದ್ದು ಕುಸಿದರೂ ಒಳಗೋಡೆ ಹಾಗೇ ನಿಂತಿರುತ್ತದೆ, ಸಂದಿಗೆ ಇಳಿದ ಹಗೆ ಬೋನಿಗೆ ಬಿದ್ದ ಹಾಗೆ.

ಬಾಗಿಲುಗಳಲ್ಲೂ ಇಂಥದೇ ಉಪಾಯ. ರಾಯಗಡದ ಹೆಬ್ಬಾಗಿಲು ಅಷ್ಟು ದೊಡ್ಡದಿದ್ದರೂ ಕೆಳಗಿನಿಂದ ಕಾಣುವುದಿಲ್ಲ. ಎರಡು ಬುರುಜುಗಳ ನಡುವೆ ಹೊಕ್ಕು ತಿರುಗಿದ ಮೇಲೆಯೇ ಗೋಚರ. ಗೋಮುಖ ಎಂದು ಈ ಕಟ್ಟಣೆಗೆ ಹೆಸರು. ಬಾಗಿಲ ಮುಂದೆ ಆನೆ ಹಿಂದೆ ಸರಿದು ಓಡಿಬಂದು ಗುದ್ದುವಷ್ಟು ಜಾಗ ಬಿಟ್ಟಿರುವುದಿಲ್ಲ. ತಿರುವಿನಲ್ಲಿ ನಿಂತವನ ಮೇಲೆ ಎರಡೂ ಬುರುಜುಗಳಿಂದ ಕಲ್ಲು, ಕಾದ ಎಣ್ಣೆ, ಬಾಣ. ಬುರುಜು ನಮ್ಮಲ್ಲೂ ಬುರುಜೇ. ನಾವು ದಿಡ್ಡಿ ಬಾಗಿಲು ಎನ್ನುವ ಸಣ್ಣ ಬಾಗಿಲಿಗೆ ಅವರು ದಿಂಡಿ ಎನ್ನುತ್ತಾರೆ. ಮರಾಠಿ ಬಾರದೆ ಹೋದವನಿಗೂ ಅರ್ಧ ಕೋಟೆ ತನ್ನ ನುಡಿಯಲ್ಲೇ ಸಿಕ್ಕಿಬಿಡುತ್ತದೆ.

ನಾಶಿಕ ಜಿಲ್ಲೆಯ ಹರಿಹರ ಗಡದಲ್ಲಿ ದಾರಿಯೇ ಬಾಗಿಲನ್ನು ಕಾಯುತ್ತದೆ. ಇತ್ತೀಚೆಗೆ ಮೊಬೈಲ್ ವಿಡಿಯೊಗಳಿಂದ ಹೆಸರಾದ ಮೆಟ್ಟಿಲುಗಳು ಇವೇ. ಬಂಡೆಯ ಮುಖದ ಮೇಲೆ, ಗೋಡೆಗೆ ಒರಗಿಸಿದ ಏಣಿಯಷ್ಟೇ ನೆಟ್ಟಗೆ, ನೂರು ಚಿಲ್ಲರೆ ಮೆಟ್ಟಿಲು ಕಡಿದಿದ್ದಾರೆ. ಪ್ರತಿ ಮೆಟ್ಟಿಲಿನ ಎರಡು ಬದಿಗೂ ಒಂದೊಂದು ಗುಳಿ. ಅದು ಅಲಂಕಾರವಲ್ಲ, ಬೆರಳು ತೂರಿಸಿ ಹಿಡಿಯಲು. ಮುಟ್ಟಿದರೆ ಗುಳಿಯ ಒಳಅಂಚು ನುಣ್ಣಗಿದೆ. ಎಷ್ಟು ತಲೆಮಾರಿನ ಕೈ ಸವೆಸಿದ್ದೋ. ಮೆಟ್ಟಿಲು ಮುಗಿದಲ್ಲಿ ಒಂದು ಪುಟ್ಟ ಬಾಗಿಲು. ಅದನ್ನು ಹೊಕ್ಕರೂ ಮುಗಿಯಲಿಲ್ಲ: ಮೇಲೆ ಚಾಚಿದ ಬಂಡೆಯ ಅಡಿಯಲ್ಲಿ ತಲೆ ತಗ್ಗಿಸಿ, ಒಂದು ಮಗ್ಗುಲಿಗೆ ಕಮರಿಯನ್ನು ಇಟ್ಟುಕೊಂಡು ಅಡ್ಡ ನಡೆಯಬೇಕು. ಆಮೇಲೆ ಇನ್ನೊಂದು ಸಾಲು ಮೆಟ್ಟಿಲು. ಹತ್ತುವಾಗ ಭಯ ಅಷ್ಟಿಲ್ಲ, ಕಣ್ಣೆದುರು ಕಲ್ಲಿರುತ್ತದೆ. ಇಳಿಯುವಾಗ ಮುಖ ಬಂಡೆಯ ಕಡೆ ಮಾಡಿ, ಹಿಮ್ಮುಖವಾಗಿ, ಕಾಲಿಂದ ತಡವಿ ತಡವಿ ಮೆಟ್ಟಿಲು ಹುಡುಕಬೇಕು. ಶನಿವಾರ, ಭಾನುವಾರ ಇಲ್ಲಿ ಹತ್ತುವವರ ಸಾಲು ಇಳಿಯುವವರ ಸಾಲಿಗೆ ಎದುರಾಗಿ ನಡುವೆ ಕಟ್ಟಿಕೊಳ್ಳುತ್ತದೆ. ವಾರದ ದಿನ ಹೋಗಿ ಎನ್ನುವುದಕ್ಕಿಂತ ಒಳ್ಳೆಯ ಸಲಹೆ ನನ್ನಲ್ಲಿಲ್ಲ.

ಹರಿಹರದ ಮೆಟ್ಟಿಲು ಉಳಿದದ್ದೇ ಅದೃಷ್ಟ. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದು ಗಡಗಳು ಬ್ರಿಟಿಷರ ಕೈಸೇರಿದಾಗ ಅವರಿಗೆ ಒಂದು ಮಾತು ಸ್ಪಷ್ಟವಿತ್ತು: ಗೋಡೆ ಬೀಳಿಸುವುದು ದಂಡದ ಕೆಲಸ, ದಾರಿ ಬೀಳಿಸಿದರೆ ಸಾಕು. ಹಲವು ಗಡಗಳ ಮೆಟ್ಟಿಲುಗಳನ್ನು ಮದ್ದಿಟ್ಟು ಹಾರಿಸಿದರು. ಅಲಂಗ, ಮದನ, ಕುಲಂಗ ಎಂಬ ಅಕ್ಕಪಕ್ಕದ ಮೂರು ಗಡಗಳಲ್ಲಿ ಅಲಂಗ, ಮದನಗಳಿಗೆ ಹೋಗುವವರು ಇವತ್ತಿಗೂ ಹಗ್ಗ ಕಟ್ಟಿಕೊಂಡೇ ಹತ್ತಬೇಕು. ಮೇಲೆ ಮೆಟ್ಟಿಲಿದೆ, ಕೆಳಗೆ ಮೆಟ್ಟಿಲಿದೆ, ನಡುವಿನದು ಕಾಣೆ. ಚಾರಣಿಗರು ಇದನ್ನು ಸಾಹಸದ ತಾಣ ಎನ್ನುತ್ತಾರೆ. ನಿಜಕ್ಕೂ ಅದು ಸೋಲಿನ ಗಾಯದ ಗುರುತು.

ಇನ್ನು ನೀರು. ಹತ್ತುವವರು ಗೋಡೆ ನೋಡಿ ಬೆರಗಾಗುತ್ತಾರೆ. ನನ್ನನ್ನು ಕೇಳಿದರೆ ಗಡದಲ್ಲಿ ನೋಡಬೇಕಾದ ಮೊದಲ ವಸ್ತು ಟಾಕೆ, ಅಂದರೆ ಬಂಡೆಯಲ್ಲಿ ಕಡಿದ ನೀರಿನ ತೊಟ್ಟಿ. ಶಿವಾಜಿಯ ಕಾಲದಿಂದಲೂ ರಾಜ್ಯದ ಕೆಲಸ ಮಾಡಿದ ರಾಮಚಂದ್ರಪಂತ ಅಮಾತ್ಯ 1715ರ ಸುಮಾರಿಗೆ ಬರೆದ ‘ಆಜ್ಞಾಪತ್ರ’ದಲ್ಲಿ ಕೋಟೆಗಳ ಬಗ್ಗೆಯೇ ಒಂದು ಭಾಗವಿದೆ. ಗಡ ಕಟ್ಟುವ ಮುಂಚೆ ನೀರು ನೋಡು, ಇಲ್ಲದಿದ್ದರೆ ಮೊದಲು ತೊಟ್ಟಿ ಕಡಿ ಎಂದು ಅವನ ಅಪ್ಪಣೆ. ಒರತೆ ಇದೆಯೆಂದು ನಂಬಿ ಕೂರಬೇಡ ಎಂದೂ ಹೇಳುತ್ತಾನೆ. ಕಾಳಗದಲ್ಲಿ ಫಿರಂಗಿಯ ಸದ್ದಿಗೆ ಒರತೆಗಳು ಬತ್ತಿಹೋಗುವುದುಂಟಂತೆ. ದಾರಿ ಸಲೀಸಾಗಿರಕೂಡದು, ಗಡಕ್ಕೆ ಒಂದೇ ಬಾಗಿಲು ಸಾಲದು, ಸುತ್ತಲಿನ ಕಾಡಿನಿಂದ ಒಂದು ಕೋಲನ್ನೂ ಕಡಿಯಗೊಡಬಾರದು. ಬರೀ ಮಾತಲ್ಲ, ಓದುವಾಗ ಬೆಟ್ಟ ಹತ್ತಿ ಇಳಿದು ದಣಿದವನ ಬರಹ ಎಂದು ಗೊತ್ತಾಗುತ್ತದೆ.

ತೊಟ್ಟಿ ಕಡಿಯುವುದಕ್ಕೂ ಬಸಾಲ್ಟಿನ ಪದರಗಳಿಗೂ ನಂಟಿದೆ. ತೂತುತೂತಿನ ಮೆತ್ತನೆ ಪದರದಲ್ಲಿ ಮಳೆನೀರು ಇಳಿದು ನಿಧಾನವಾಗಿ ಹರಿಯುತ್ತದೆ. ಕೆಳಗಿನ ಗಟ್ಟಿ ಪದರಕ್ಕೆ ತಾಗಿದಾಗ ಮುಂದಕ್ಕೆ ಹೋಗಲಾರದೆ ಪಕ್ಕಕ್ಕೆ ಜಿನುಗುತ್ತದೆ. ಆ ಕೂಡುವ ಜಾಗ ಹುಡುಕಿ ಕಡಿದರೆ ಬೇಸಿಗೆಯಲ್ಲೂ ನೀರು. ಕಡಿದು ತೆಗೆದ ಕಲ್ಲು ಗೋಡೆಗೆ. ಒಂದೇ ಉಳಿಯಲ್ಲಿ ಎರಡು ಕೆಲಸ. ಹರಿಶ್ಚಂದ್ರಗಡದ ಕೇದಾರೇಶ್ವರ ಗುಹೆಯಲ್ಲಿ ಈ ನೀರು ದೇವರನ್ನೇ ಸುತ್ತುವರಿದಿದೆ: ದೊಡ್ಡ ಶಿವಲಿಂಗ, ಸುತ್ತ ಸೊಂಟದೆತ್ತರದ ಮಂಜಿನಷ್ಟು ತಣ್ಣನೆ ನೀರು, ನಾಲ್ಕು ಕಂಬಗಳಲ್ಲಿ ಉಳಿದದ್ದು ಒಂದೇ. ಅದೇ ಗಡದ ಕೊಂಕಣಕಡಾ ಎಂಬ ಒಳಬಾಗಿದ ಪ್ರಪಾತದ ಅಂಚಿನಲ್ಲಿ ಮಂಜು ಕವಿದಾಗ, ಹಿಂದಿನಿಂದ ಬಿಸಿಲು ಬಿದ್ದರೆ, ನಮ್ಮದೇ ನೆರಳಿನ ಸುತ್ತ ದುಂಡು ಕಾಮನಬಿಲ್ಲು ಮೂಡುತ್ತದೆ. ಸ್ಥಳೀಯರು ಇಂದ್ರವಜ್ರ ಎನ್ನುವ ಇದನ್ನು 1835ರಲ್ಲಿ ಕರ್ನಲ್ ಸೈಕ್ಸ್ ಎಂಬ ಬ್ರಿಟಿಷ್ ಅಧಿಕಾರಿ ಕಂಡು ದಾಖಲಿಸಿದ. ನನಗೆ ಇನ್ನೂ ಸಿಕ್ಕಿಲ್ಲ.

ನೀರಿನ ವಿಷಯದಲ್ಲಿ ನಾನು ಬುದ್ಧಿ ಕಲಿತದ್ದು ರಾಜಗಡದಿಂದ ತೋರಣಾಕ್ಕೆ ಬೆಟ್ಟದ ಬೆನ್ನುಗುಂಟ ಹೋಗುವಾಗ. ಏಪ್ರಿಲ್ ತಿಂಗಳು. ದಾರಿಯಲ್ಲಿ ನೀರು ಸಿಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಎರಡು ಲೀಟರ್ ಮಾತ್ರ ಹೊತ್ತಿದ್ದೆವು. ಹನ್ನೊಂದು ಗಂಟೆಗೆ ಬಾಟಲಿ ಖಾಲಿ. ನೆರಳೆಂಬುದಿಲ್ಲ, ಒಣಹುಲ್ಲು ಮಾತ್ರ. ತೋರಣಾ 1403 ಮೀಟರ್ ಎತ್ತರದ ಗಡ, ಎದುರಿಗೇ ಕಾಣುತ್ತದೆ, ನಡೆದಷ್ಟೂ ಹಿಂದಕ್ಕೆ ಸರಿಯುತ್ತದೆ. ಕೊನೆಯ ಏರಿನಲ್ಲಿ ಕಾಲ ಕೆಳಗೆ ಪುಡಿಗಲ್ಲು. ಮರಾಠಿ ಚಾರಣಿಗರು ಘಸಾರಾ ಎನ್ನುವ ಈ ಗರಸಿನ ಮೇಲೆ ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಜಾರುತ್ತದೆ. ಮೇಲೆ ಸಿಕ್ಕ ಮೊದಲ ತೊಟ್ಟಿಯಲ್ಲಿ ಹಸಿರು ಪಾಚಿ, ಅದರ ಮೇಲೆ ಚಿಪ್ಸಿನ ಪೊಟ್ಟಣ. ಪಂಚೆಯ ತುದಿಯಲ್ಲಿ ಸೋಸಿ ಕುಡಿದೆವು. ಮುತ್ತಿಗೆಯ ದಿನಗಳಲ್ಲಿ ಆ ಪೊಟ್ಟಣ ಎಸೆದವನ ಕಥೆ ಬೇರೆಯೇ ಇರುತ್ತಿತ್ತು.

ಆಮೇಲಿಂದ ನನ್ನ ಕಟ್ಟಳೆ ಇಷ್ಟು: ತಲೆಗೆ ಮೂರು ಲೀಟರ್, ನಸುಕಿಗೇ ಹೊರಡುವುದು, ಬೇಸಿಗೆಯಲ್ಲಿ ಹತ್ತು ಗಂಟೆಯೊಳಗೆ ನೆತ್ತಿ ಮುಟ್ಟುವುದು. ಮಳೆಗಾಲದಲ್ಲಿ ಸಹ್ಯಾದ್ರಿ ಚೆಂದ, ಆದರೆ ಪಾಚಿಗಟ್ಟಿದ ಬಸಾಲ್ಟ್ ಸೋಪಿಗಿಂತ ಜಾರು. ಹರಿಹರದಂಥ ಮೆಟ್ಟಿಲುಗಳಿಗೆ ಆಗ ಹೋಗದಿರುವುದೇ ಲೇಸು. ಬಂಡೆಯ ಹೊಟ್ಟೆಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಅತ್ತರು ಹಾಕಿಕೊಂಡು, ಬೀಡಿ ಹಚ್ಚಿಕೊಂಡು, ಕೂಗಾಡುತ್ತ ಹೋಗಿ ಅವುಗಳನ್ನು ಎಬ್ಬಿಸಿದರೆ ಓಡಲು ಅಲ್ಲಿ ಜಾಗವಿಲ್ಲ.

ಗೋವೆಯ ದಕ್ಷಿಣಕ್ಕೆ ಬಂದರೆ ಅದೇ ಬೆಟ್ಟಸಾಲಿನ ಕಲ್ಲು ಬದಲಾಗುತ್ತದೆ. ಬಸಾಲ್ಟ್ ಮುಗಿದು ಇನ್ನೂ ಹಳೆಯ ಕಲ್ಲು ಮೇಲೆದ್ದು, ಬೆಟ್ಟಗಳು ಗುಂಡಾಗಿ, ಮಲೆನಾಡಿನ ಕಾಡು ಹೊದ್ದುಕೊಳ್ಳುತ್ತವೆ. ತೀರ್ಥಹಳ್ಳಿಯ ಹತ್ತಿರದ ಕವಲೇದುರ್ಗದಲ್ಲಿ ಕೆಳದಿ ಅರಸರಿಗೆ ಬಂಡೆಗೋಡೆಯ ಆಸರೆ ಇರಲಿಲ್ಲ. ಅದಕ್ಕೇ ಒಂದರೊಳಗೊಂದು ಸುತ್ತುಗೋಡೆ, ಒಂದರ ಹಿಂದೊಂದು ಹೆಬ್ಬಾಗಿಲು. ಹತ್ತುವವನ ಉಸಿರನ್ನಲ್ಲ, ತಾಳ್ಮೆಯನ್ನು ಸವೆಸುವ ಕೋಟೆ ಅದು. ಹೊಂಡಗಳು ಮಾತ್ರ ಇಲ್ಲೂ ಹಾಗೇ, ಮೇಲೆ ಹೋದಂತೆ ಒಂದಾದ ಮೇಲೊಂದು.

ಈ ಎರಡು ಬಗೆಯ ಕೋಟೆಗಳನ್ನು ಒಬ್ಬ ಮನುಷ್ಯ ಒಂದೇ ಓಟದಲ್ಲಿ ಹೊಲಿದಿದ್ದಾನೆ. ಅವನೇ ರಾಜಗಡದಲ್ಲಿ ಹುಟ್ಟಿದ ರಾಜಾರಾಮ. 1689ರಲ್ಲಿ ಅಣ್ಣ ಸಂಭಾಜಿ ಮೊಗಲರ ಕೈಗೆ ಸಿಕ್ಕಿ ಕೊಲೆಯಾದ ಮೇಲೆ, ರಾಯಗಡಕ್ಕೆ ಮುತ್ತಿಗೆ ಬಿದ್ದಾಗ, ಹತ್ತೊಂಬತ್ತು ವರ್ಷದ ಅವನು ತಪ್ಪಿಸಿಕೊಂಡು ಪ್ರತಾಪಗಡ, ಪನ್ಹಾಳಾ ದಾಟಿ ದಕ್ಷಿಣಕ್ಕೆ ಬಂದ. ಆ ಪನ್ಹಾಳಾವನ್ನು ಕೋಟೆಯಾಗಿ ಕಟ್ಟಿಸಿದವನು ಶಿಲಾಹಾರರ ಎರಡನೆಯ ಭೋಜ, ಹನ್ನೆರಡನೆಯ ಶತಮಾನದ ಕೊನೆಯವನು. ಮೊಗಲರು ಬೆನ್ನಟ್ಟುತ್ತಿದ್ದವನಿಗೆ ತನ್ನ ರಾಜ್ಯದಲ್ಲಿ ಆಸರೆ ಕೊಟ್ಟು, ಮುಂದಕ್ಕೆ ಸಾಗಹಾಕಿದವಳು ಕೆಳದಿ ಚೆನ್ನಮ್ಮ. ಅವಳ ಮೇಲೆ ಔರಂಗಜೇಬನ ದಂಡು ಬಂದದ್ದು ಇದೇ ಕಾರಣಕ್ಕೆ. ರಾಜಾರಾಮ ಕೊನೆಗೆ ಸೇರಿದ ಜಿಂಜಿ ತಮಿಳುನಾಡಿನಲ್ಲಿದೆ. 2025ರ ಜುಲೈಯಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಮರಾಠಾ ಕೋಟೆಗಳು ಹನ್ನೆರಡು. ಮಹಾರಾಷ್ಟ್ರದ ಹೊರಗಿನದು ಅದೊಂದೇ. ರಾಜಗಡ, ರಾಯಗಡ, ಪ್ರತಾಪಗಡ, ಪನ್ಹಾಳಾ ಕೂಡ ಆ ಪಟ್ಟಿಯಲ್ಲಿವೆ. ನಡುವೆ ಅವನು ನಡೆದ ಕನ್ನಡದ ಕಾಡುದಾರಿಗೆ ಪಟ್ಟಿಯೇನೂ ಇಲ್ಲ.

ರಾಜಗಡದ ಆ ಚೋರ ದರವಾಜಾದಿಂದ ಇಳಿದು ಗುಂಜವಣೆಗೆ ಬಂದಾಗ ಸಂಜೆಯಾಗಿತ್ತು. ಮೊದಲ ಮನೆಯ ಪಡಸಾಲೆಯಲ್ಲಿ ಒಬ್ಬ ಆಜಿ ಸಗಣಿ ಸಾರಿಸಿದ ನೆಲದ ಮೇಲೆ ತಟ್ಟೆ ಇಟ್ಟು ಪಿಠಲೆ, ಬಾಕರಿ, ಗುದ್ದಿದ ಹಸಿಮೆಣಸಿನ ಠೇಚಾ ಬಡಿಸಿದಳು. ಪಿಠಲೆ ಎಂದರೆ ನಮ್ಮ ಜುಣಕದ ಸೋದರಿ, ಸ್ವಲ್ಪ ನೀರಾಗಿ. ಕೋಟೆ ಹೇಗಿತ್ತು, ಬಾಲೇಕಿಲ್ಲಾ ಹತ್ತಿದಿರಾ ಎಂದು ಅವಳು ಕೇಳಲಿಲ್ಲ. ತಂಬಿಗೆ ಮುಂದಿಡುತ್ತ ಕೇಳಿದ್ದು ಒಂದೇ ಮಾತು: ಮೇಲೆ ತೊಟ್ಟಿಯಲ್ಲಿ ನೀರು ಎಷ್ಟಿದೆ?

ಪದ್ಮಾವತಿ ಕೆರೆ ಮುಕ್ಕಾಲು ಇದೆ ಎಂದೆ. ಸರಿ ಬಿಡು, ಮೇ ತಿಂಗಳ ತನಕ ಬರುತ್ತೆ ಎಂದು ಇನ್ನೊಂದು ಬಾಕರಿ ಹಾಕಿದಳು.