ಚಿತ್ರಕಥೆಗೆ ಪ್ರಕಾಶಕರನ್ನು ಅರಸುವುದು

ಚಿತ್ರಗಳ ಸಾಲಿನಿಂದ ಕಥೆ ಹೇಳುವುದು ನಮ್ಮ ನಾಡಿಗೆ ಹೊಸತಲ್ಲ. 13ನೆಯ ಶತಮಾನದಲ್ಲಿ ಸೋಮನಾಥಪುರದ ಕೇಶವ ದೇವಾಲಯವನ್ನು ಕಟ್ಟಿದ ಶಿಲ್ಪಿಗಳು ಅದರ ಹೊರಗೋಡೆಯ ಸುತ್ತಲೂ ರಾಮಾಯಣ, ಮಹಾಭಾರತ, ಭಾಗವತಗಳ ಪ್ರಸಂಗಗಳನ್ನು ಸಾಲಾಗಿ ಕೆತ್ತಿದರು. ಅಕ್ಷರವರಿಯದವನೂ ಪ್ರದಕ್ಷಿಣೆ ಬರುತ್ತ ಕಥೆಯನ್ನು ತಿಳಿಯಬಹುದಾಗಿತ್ತು. ಅದೇ ಬಗೆಯ ಕಲೆ ಕಾಗದದ ಮೇಲೆ ಚಿತ್ರಕಥೆಯಾಗಿ, ಇಂದು ಅಂತರಜಾಲವನ್ನೂ ಹೊಕ್ಕಿದೆ. ಯಾವ ಪ್ರಕಾಶಕರ ಹಂಗೂ ಇಲ್ಲದೆ ತಾನೇ ಬರೆದು, ತಾನೇ ಚಿತ್ರಿಸಿ, ಕಂತು ಕಂತಾಗಿ ಅಂತರಜಾಲದಲ್ಲಿ ಹೊರತರುವ ಚಿತ್ರಕಥೆಗೆ ವೆಬ್‌ಕಾಮಿಕ್ ಎಂದು ಹೆಸರು.

ಹೀಗೆ ಪರದೆಯ ಮೇಲೆ ಮೂಡಿದ ಕಥೆ ಪುಸ್ತಕವಾಗಬೇಕೆಂಬ ಆಸೆ ಸಹಜವಾದುದು. ಆಗ ಪ್ರಕಾಶಕರ ಬಾಗಿಲನ್ನು ತಟ್ಟಬೇಕಾಗುತ್ತದೆ. ಅಲ್ಲಿಂದ 'ಸಾಧ್ಯವಿಲ್ಲ' ಎಂಬ ಉತ್ತರ ಮತ್ತೆ ಮತ್ತೆ ಬರುವುದೂ ಉಂಟು. ಆ ಉತ್ತರದ ಅರ್ಥವೇನು, ಅನಂತರ ಮಾಡತಕ್ಕದ್ದೇನು ಎಂಬುದನ್ನು ವಿದ್ಯಾರ್ಥಿಗಳೂ ಪೋಷಕರೂ ಅರಿತಿರಬೇಕೆಂದು ನಾವು ಬಯಸುತ್ತೇವೆ.

ಪ್ರಕಾಶಕರ ನಿರಾಕರಣೆಯು ಕೃತಿಯ ಯೋಗ್ಯತೆಯ ಮೇಲಣ ತೀರ್ಪಲ್ಲ. ಅದು ಬಹುಮಟ್ಟಿಗೆ ಒಂದು ಲೆಕ್ಕಾಚಾರ. ಬಣ್ಣದ ಮುದ್ರಣಕ್ಕೆ ಖರ್ಚು ಹೆಚ್ಚು. ಅಂಗಡಿಯವರಿಗೆ ರಿಯಾಯಿತಿ ಕೊಡಬೇಕು. ಮಾರಾಟವಾಗದ ಪ್ರತಿಗಳು ಗೋದಾಮಿನಲ್ಲಿ ಉಳಿದರೆ ಹಾಕಿದ ಹಣವೂ ಅಲ್ಲಿಯೇ ಉಳಿಯುತ್ತದೆ. ಪಠ್ಯಪುಸ್ತಕಗಳನ್ನೇ ಅಚ್ಚು ಹಾಕುವವರು ಚಿತ್ರಕಥೆಯನ್ನು ಮಾರುವ ಬಗೆಯನ್ನು ಅರಿಯದೆಯೂ ಇರಬಹುದು. ಆದುದರಿಂದ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ 'ನನ್ನ ಕೃತಿ ಕೆಟ್ಟದೇ?' ಎಂಬುದಲ್ಲ, 'ನಾನು ತಟ್ಟಿದ ಬಾಗಿಲು ಸರಿಯಾದುದೇ?' ಎಂಬುದು.

ಇದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ನಿದರ್ಶನವಿದೆ. 1929ರಲ್ಲಿ ಕಾರ್ಕಳದಲ್ಲಿ ಜನಿಸಿದ ಅನಂತ ಪೈ ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ಮುಂಬಯಿಗೆ ಹೋದರು. 1954ರಲ್ಲಿ ಅವರು ಆರಂಭಿಸಿದ 'ಮಾನವ್' ಎಂಬ ಮಕ್ಕಳ ಪತ್ರಿಕೆ ನೆಲೆಗೊಳ್ಳಲಿಲ್ಲ. 1967ರಲ್ಲಿ ದೆಹಲಿಯ ದೂರದರ್ಶನದ ರಸಪ್ರಶ್ನೆಯೊಂದರಲ್ಲಿ ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರಿಸಿದ ಮಕ್ಕಳು ಶ್ರೀರಾಮನ ತಾಯಿಯ ಹೆಸರನ್ನು ಹೇಳಲಾರದೆ ಹೋದುದನ್ನು ಅವರು ಕಂಡರು. ನಮ್ಮ ಕಥೆಗಳನ್ನು ಚಿತ್ರರೂಪದಲ್ಲಿ ಕೊಡಬೇಕೆಂಬ ಸಂಕಲ್ಪ ಅವರಲ್ಲಿ ಗಟ್ಟಿಯಾಯಿತು. ಹಲವು ಪ್ರಕಾಶಕರು ಅವರನ್ನು ಬರಿಗೈಯಲ್ಲಿ ಹಿಂದಿರುಗಿಸಿದರು. ಕೊನೆಗೆ ಒಪ್ಪಿದವರು ಇಂಡಿಯಾ ಬುಕ್ ಹೌಸ್‌ನ ಮೀರ್‌ಚಂದಾನಿಯವರು.

ಅವರು ಒಪ್ಪಿದುದರ ಹಿಂದೆ ಕನ್ನಡದ ಪಾಲೂ ಇತ್ತೆಂಬುದು ಅನೇಕರಿಗೆ ತಿಳಿಯದು. ಅದೇ ಸಂಸ್ಥೆಯ ಬೆಂಗಳೂರಿನ ಜಿ. ಕೆ. ಅನಂತರಾಮ್ ಅವರು 1965ರಲ್ಲಿಯೇ 'ಅಮರ ಚಿತ್ರಕಥೆ'ಯನ್ನು ಕನ್ನಡದಲ್ಲಿ ಹೊರತಂದಿದ್ದರು. ಸಿಂಡರೆಲಾ ಮೊದಲಾದ ಪಾಶ್ಚಾತ್ಯ ಕಥೆಗಳ ಆ ಪುಸ್ತಕಗಳಿಗೆ ಓದುಗರು ದೊರೆತರು. ಮೊದಲ ಹತ್ತು ಸಂಖ್ಯೆಗಳು ಕನ್ನಡದವಾದ ಕಾರಣ ಇಂಗ್ಲಿಷಿನ ಮಾಲೆ 11ನೆಯ ಸಂಖ್ಯೆಯಾದ 'ಕೃಷ್ಣ'ನಿಂದ ಆರಂಭವಾಯಿತು. ಮೊದಮೊದಲು ಅದರ ಮಾರಾಟವೂ ಮಂದವೇ. ಆದರೂ ಆ ಮಾಲೆ 400ಕ್ಕೂ ಹೆಚ್ಚು ಪುಸ್ತಕಗಳಾಗಿ ಬೆಳೆಯಿತು. ಓದುವವರು ಇದ್ದಾರೆಂದು ಕಣ್ಣಿಗೆ ಕಂಡಾಗ ಪ್ರಕಾಶಕರ ಲೆಕ್ಕವೂ ಬದಲಾಗುತ್ತದೆ ಎಂಬುದೇ ಇಲ್ಲಿಯ ಪಾಠ.

ಇಂದು ಹಾಗೆ ಓದುಗರನ್ನು ತೋರಿಸಿಕೊಡಲು ಅಂತರಜಾಲವೇ ಸಾಧನ. ಅಮೆರಿಕದ ಜೆಫ್ ಕಿನ್ನಿ ವ್ಯಂಗ್ಯಚಿತ್ರಗಳನ್ನು ವೃತ್ತಪತ್ರಿಕೆಗಳಿಗೆ ಕೊಡಲು ಯತ್ನಿಸಿ ಸಫಲರಾಗಲಿಲ್ಲ. ಹಲವು ವರ್ಷ ದುಡಿದು ರಚಿಸಿದ ಚಿತ್ರಸಹಿತ ಕಥೆ 'ಡೈರಿ ಆಫ್ ಎ ವಿಂಪಿ ಕಿಡ್' ಅನ್ನು ಅವರು 2004ರಲ್ಲಿ ಅಂತರಜಾಲದಲ್ಲಿ ಪ್ರಕಟಿಸತೊಡಗಿದರು. ಮಕ್ಕಳು ಅದನ್ನು ಮೆಚ್ಚಿ ಓದಿದರು. 2007ರಲ್ಲಿ ಅದು ಪುಸ್ತಕವಾಯಿತು. ಭಾರತದಲ್ಲಿಯೂ ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ತೆರೆದ 'ಸ್ಟೋರಿವೀವರ್' ತಾಣದಲ್ಲಿ ಕನ್ನಡದ ಸಚಿತ್ರ ಕಥೆಗಳು ಉಚಿತವಾಗಿ ದೊರೆಯುತ್ತವೆ.

ಆದರೆ ಪರದೆಯ ಚಿತ್ರವನ್ನು ಇದ್ದಂತೆಯೇ ಅಚ್ಚಿಗೆ ಕಳುಹಿಸಲಾಗದು. ಮೊಬೈಲಿನಲ್ಲಿ ಅಂದವಾಗಿ ಕಾಣುವ ಚಿತ್ರ ಕಾಗದದಲ್ಲಿ ಮಸುಕಾಗಬಹುದು. ಅಚ್ಚಿಗೆ ಸಾಮಾನ್ಯವಾಗಿ ಇಂಚಿಗೆ 300 ಚುಕ್ಕಿಗಳಷ್ಟು ಸಾಂದ್ರತೆ ಬೇಕು. ಪರದೆಯು ಕೆಂಪು, ಹಸಿರು, ನೀಲಿ ಬೆಳಕಿನಿಂದ ಬಣ್ಣ ತೋರಿಸಿದರೆ, ಮುದ್ರಣಯಂತ್ರವು ನಾಲ್ಕು ಬಗೆಯ ಮಸಿಗಳಿಂದ ತೋರಿಸುತ್ತದೆ. ಆದಕಾರಣ ಬಣ್ಣವೂ ಬದಲಾಗುತ್ತದೆ. ಮೇಲಿನಿಂದ ಕೆಳಕ್ಕೆ ಜಾರುವ ಕಥೆಯನ್ನು ಪುಟಗಳಾಗಿ ವಿಂಗಡಿಸಬೇಕು. ದೊಡ್ಡ ಹಾಳೆಯನ್ನು ಮಡಿಸಿ ಪುಸ್ತಕ ಮಾಡುವುದರಿಂದ ಪುಟಗಳು 16, 32 ಎಂಬಂತೆ ಇದ್ದರೆ ಕಾಗದ ವ್ಯರ್ಥವಾಗದು. ಪ್ರಕಾಶಕರಿಗೆ ಬರೆಯುವಾಗ ಕಥೆಯ ಸಾರ, ಪೂರ್ಣಗೊಂಡ ಕೆಲವು ಪುಟಗಳು, ಒಟ್ಟು ಪುಟಗಳ ಸಂಖ್ಯೆ, ಈವರೆಗೆ ಓದಿದವರ ಸಂಖ್ಯೆ, ಇವಿಷ್ಟನ್ನು ಒಂದು ಚಿಕ್ಕ ಪತ್ರದೊಡನೆ ಕಳುಹಿಸಿದರೆ ಸಾಕು.

ಬಹುಕಾಲ ತಿರಸ್ಕೃತನಾದವನು ಮೊದಲ ಒಪ್ಪಿಗೆ ಬಂದೊಡನೆ ಓದದೆಯೇ ಸಹಿ ಹಾಕುವ ಅಪಾಯವೂ ಉಂಟು. 'ಸೂಪರ್‌ಮ್ಯಾನ್'ನನ್ನು ಸೃಷ್ಟಿಸಿದ ಸೀಗಲ್ ಮತ್ತು ಶೂಸ್ಟರ್ ಎಂಬ ತರುಣರು ಹಲವು ವರ್ಷ ನಿರಾಕರಣೆಗಳನ್ನು ಅನುಭವಿಸಿ, 1938ರಲ್ಲಿ ಕೇವಲ 130 ಡಾಲರಿಗೆ ಅವನ ಹಕ್ಕನ್ನೆಲ್ಲ ಮಾರಿಬಿಟ್ಟರು. ಮುಂದೆ ಅವನು ಜಗದ್ವಿಖ್ಯಾತನಾದಾಗ ಅವರು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಹಕ್ಕು ಕರ್ತೃವಿನ ಜೀವಿತಕಾಲವಲ್ಲದೆ ಅನಂತರ 60 ವರ್ಷ ಇರುತ್ತದೆ. ಹಕ್ಕಿನ ವರ್ಗಾವಣೆ ಲಿಖಿತವಾಗಿಯೇ ಇರಬೇಕು; ಅದರಲ್ಲಿ ಅವಧಿಯನ್ನು ಹೇಳಿರದಿದ್ದರೆ 5 ವರ್ಷವೆಂದೇ ಭಾವಿಸಲಾಗುತ್ತದೆ. 18 ವರ್ಷ ತುಂಬದವರು ಮಾಡಿಕೊಂಡ ಕರಾರಿಗೆ ಕಾನೂನಿನ ಬಲವಿಲ್ಲ. ಆದುದರಿಂದ ಇಂಥ ಪತ್ರವನ್ನು ತಂದೆತಾಯಿಗಳು ಕುಳಿತು, ತಿಳಿದವರನ್ನು ವಿಚಾರಿಸಿ, ಸಾವಧಾನವಾಗಿ ಓದುವುದು ಕರ್ತವ್ಯ.

ನಮ್ಮ ತಾಳವಾಡಿಗೆ ಈ ವಿಷಯ ದೂರದ್ದೆಂದು ಯಾರೂ ಎಣಿಸಬಾರದು. 1956ರಲ್ಲಿ ಕೊಳ್ಳೇಗಾಲವು ಮೈಸೂರು ರಾಜ್ಯವನ್ನು ಸೇರಿದಾಗ ನಾವು ಮದರಾಸು ರಾಜ್ಯದಲ್ಲಿ ಉಳಿದೆವು. ಕನ್ನಡವಾಡುವ ನಮ್ಮ ಮಕ್ಕಳ ಕೃತಿಯನ್ನು ಈಚೆಯ ಪ್ರಕಾಶಕರು 'ಭಾಷೆ ನಮ್ಮದಲ್ಲ' ಎಂದೂ ಆಚೆಯವರು 'ಊರು ನಮ್ಮದಲ್ಲ' ಎಂದೂ ಹಿಂದಿರುಗಿಸುವ ಸಂಭವವಿದೆ. ಆದರೆ ದಿಂಬಂ ಘಟ್ಟದ 27 ತಿರುವುಗಳನ್ನು, ರಾಗಿಯ ಹೊಲಕ್ಕೆ ಇಳಿಯುವ ಆನೆಯನ್ನು, ದೀಪಾವಳಿಯ ಮರುದಿನಗಳಲ್ಲಿ ಸಗಣಿಯುಂಡೆಗಳನ್ನು ಎಸೆದಾಡುವ ಗುಮಟಾಪುರದ ಗೊರೆ ಹಬ್ಬವನ್ನು ಕಂಡು ಬೆಳೆದವರು ಬಿಡಿಸಿದಂತೆ ಬೇರೆ ಯಾರು ಬಿಡಿಸಿಯಾರು? ನಾವು ಹೇಳದಿದ್ದರೆ ಈ ಕಥೆಗಳು ಹೇಳದೆಯೇ ಉಳಿಯುತ್ತವೆ.

ಆದುದರಿಂದ ಮಗು ನೋಟುಪುಸ್ತಕದ ಅಂಚಿನಲ್ಲಿ ಗೀಚಿದ ಚಿತ್ರವನ್ನು ಪೋಷಕರು ಕಾಲಹರಣವೆಂದು ಗದರಿಸದಿರಲಿ. ವಿದ್ಯಾರ್ಥಿಗಳು ಹತ್ತು ಕಥೆಗಳನ್ನು ಆರಂಭಿಸಿ ಬಿಡುವುದಕ್ಕಿಂತ ಒಂದನ್ನು ಮುಗಿಸಲಿ. ಮುಗಿದ ಕೃತಿ ಹತ್ತು ಬಾಗಿಲುಗಳಿಂದ ಹಿಂದಿರುಗಿದರೂ ಹನ್ನೊಂದನೆಯ ಬಾಗಿಲಿಗೆ ಹೋಗಬಲ್ಲುದು. ಮುಗಿಯದ ಕೃತಿ ಮೊದಲನೆಯ ಬಾಗಿಲಿಗೂ ಹೋಗಲಾರದು.