ರೇಡಿಯೇಟರ್ ಇಲ್ಲದ ಫಿಯಟ್

ನಮ್ಮ ಬೆಡ್‌ರೂಮಿನ ಕಪಾಟಿನ ಮೇಲೆ ಹನ್ನೊಂದು ಡಬ್ಬಿಗಳಿದ್ದವು. ಎಲ್ಲದರ ಒಳಗೂ ಕಾರು. ಕಾರು ಅನ್ನುವುದಕ್ಕಿಂತ, ಕಾರು ಆಗಬೇಕಾಗಿದ್ದ ಪ್ಲಾಸ್ಟಿಕ್ ತುಂಡುಗಳು ಅನ್ನಬೇಕು. ಏಳು ವರ್ಷಗಳಲ್ಲಿ ಒಂದೊಂದಾಗಿ ಕೊಂಡು ತಂದಿದ್ದೆ. ಅಷ್ಟು ವರ್ಷಗಳಲ್ಲಿ ಕಟ್ಟಿ ಮುಗಿಸಿದ್ದು ಎರಡೇ ಕಾರು, ಅವೂ ಚಿಕ್ಕವು. ಈ ಹನ್ನೊಂದನ್ನು ಆಗಾಗ ಭಾನುವಾರ ಇಳಿಸಿ, ಮುಚ್ಚಳ ತೆಗೆದು, ಬಿಡಿಭಾಗಗಳ ಮೇಲೆ ಕೈಯಾಡಿಸಿ, ಸೂಚನಾ ಪುಸ್ತಕ ತಿರುವಿ, ಮತ್ತೆ ಮುಚ್ಚಿಡುತ್ತಿದ್ದೆ. ನನ್ನ ಹೆಂಡತಿ ಇದಕ್ಕೆ ‘ದರ್ಶನ’ ಎಂದು ಹೆಸರಿಟ್ಟಿದ್ದಳು.

ಕಳೆದ ವರ್ಷ ಅಮ್ಮ ತೀರಿಕೊಂಡ ಮೇಲೆ, ಜೂನ್ ತಿಂಗಳಲ್ಲಿ ಅಪ್ಪನನ್ನು ಹುಬ್ಬಳ್ಳಿಯಿಂದ ಪುಣೆಗೆ ಕರೆತಂದೆ. ವಾಕಡ್‌ನಲ್ಲಿ ಒಂಬತ್ತನೇ ಮಹಡಿಯ ಮನೆ. ಅಪ್ಪ ಬಾಲ್ಕನಿಯಲ್ಲಿ ಕೂತು ಕೆಳಗೆ ಹೋಗುವ ಗಾಡಿಗಳನ್ನು ನೋಡುತ್ತಿದ್ದರು. ಅವರಿಗೆ ಭಾಷೆಯ ತೊಂದರೆ ಇರಲಿಲ್ಲ; ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಮೂವತ್ತೈದು ವರ್ಷ ಕಳೆದವರಿಗೆ ಮರಾಠಿ, ಹಿಂದಿ ಎರಡೂ ಅಷ್ಟಿಷ್ಟು ಬರುತ್ತವೆ. ಮಾತಾಡಲು ವಿಷಯ ಇರಲಿಲ್ಲ, ಅಷ್ಟೇ. ನಾನು ಲ್ಯಾಪ್‌ಟಾಪಿನ ಮುಂದೆ, ಮಗಳು ಶಾಲೆಯಲ್ಲಿ. ಊಟ ಆಯ್ತಾ, ಗುಳಿಗೆ ತಗೊಂಡ್ರಾ ಎಂದು ಕೇಳಿದರೆ ನಮ್ಮಿಬ್ಬರ ಆ ದಿನದ ಸಂಭಾಷಣೆ ಮುಗಿಯಿತು.

ಒಂದು ಭಾನುವಾರ ನಾನು ದರ್ಶನಕ್ಕೆಂದು ಡಬ್ಬಿಗಳನ್ನು ಇಳಿಸಿದ್ದಾಗ ಅಪ್ಪ ಬಾಗಿಲಲ್ಲಿ ಬಂದು ನಿಂತರು. ಸ್ವಲ್ಪ ಹೊತ್ತು ನೋಡಿದರು.

“ಇಷ್ಟೆಲ್ಲಾ ತಂದು ಇಟ್ಟಿ, ಕಟ್ಟಾಂವ ಯಾವಾಗ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಇರುವ ಉತ್ತರವೆಲ್ಲ ನೆಪವೇ. ಸಮಯ ಇಲ್ಲ, ಜಾಗ ಇಲ್ಲ, ಮಗಳು ದೊಡ್ಡವಳಾಗಲಿ, ಪ್ರಾಜೆಕ್ಟ್ ಮುಗಿಯಲಿ. ಇದಲ್ಲದೆ ಇನ್ನೊಂದು ನೆಪ ಸರ್ಕಾರವೇ ಒದಗಿಸಿತ್ತು. ಸುಂಕದ ಲೆಕ್ಕದಲ್ಲಿ ಈ ಕಿಟ್‌ಗಳು ಆಟಿಕೆಗಳ ಗುಂಪಿಗೇ ಸೇರುತ್ತವೆ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿತು. ಮುಂದೆ ಇನ್ನೂ ತುಟ್ಟಿಯಾಗುತ್ತದೆ ಎಂಬ ಹೆದರಿಕೆಯಲ್ಲಿ ಸಿಕ್ಕಾಗ ಕೊಂಡಿಡುವ ಚಟ ನನ್ನಂಥ ಅನೇಕರಿಗೆ ಅಂಟಿತು. ಕೊಳ್ಳುವುದೇ ಹವ್ಯಾಸವಾಯಿತು, ಕಟ್ಟುವುದು ಮರೆತೇಹೋಯಿತು.

ಈ ಲೋಕದ ಪರಿಚಯ ಇಲ್ಲದವರಿಗೆ ಅಳತೆಯ ಲೆಕ್ಕ ಹೇಳಿಬಿಡುತ್ತೇನೆ. ಸಾಮಾನ್ಯವಾಗಿ ಸಿಗುವ ಕಾರ್ ಕಿಟ್ 1/24 ಅಥವಾ 1/25 ಅಳತೆಯದು. ನಾಲ್ಕು ಮೀಟರ್ ಉದ್ದದ ಕಾರು 1/24ರಲ್ಲಿ ಸುಮಾರು 17 ಸೆಂ.ಮೀ. ಆಗುತ್ತದೆ. ಅದೇ ಕಾರು 1/12ರಲ್ಲಿ 33 ಸೆಂ.ಮೀ., 1/8ರಲ್ಲಿ ಅರ್ಧ ಮೀಟರ್. ಉದ್ದ ಎರಡರಷ್ಟಾದರೆ ಗಾತ್ರ ಎಂಟರಷ್ಟಾಗುತ್ತದೆ ಎನ್ನುವುದು ನೆನಪಿರಲಿ. ಚಿಕ್ಕ ಅಳತೆಯಲ್ಲಿ ಇಂಜಿನ್ ಅಂದರೆ ಕೆಲವೊಮ್ಮೆ ಬರೀ ಒಂದು ಉಬ್ಬು. ದೊಡ್ಡ ಅಳತೆಯಲ್ಲಿ ಹಾಗೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಬಾಗಿಲು ತೆರೆಯಬೇಕು, ಸ್ಟಿಯರಿಂಗ್ ತಿರುಗಿಸಿದರೆ ಚಕ್ರ ತಿರುಗಬೇಕು, ಬಾನೆಟ್ ಎತ್ತಿದರೆ ಒಳಗೆ ಏನಾದರೂ ಇರಬೇಕು.

ಇಟಲಿಯ ಪೋಕರ್ ಕಂಪನಿಯ ಹೆಸರು ಈ ಹವ್ಯಾಸದವರು ಸ್ವಲ್ಪ ತಗ್ಗಿದ ದನಿಯಲ್ಲೇ ಹೇಳುತ್ತಾರೆ. ಅವರ 1/8 ಅಳತೆಯ ಹಳೆಯ ರೋಲ್ಸ್‌ರಾಯ್ಸ್, ಆಲ್ಫಾ ರೋಮಿಯೋ ಕಿಟ್‌ಗಳಲ್ಲಿ ಚಕ್ರದ ಕಡ್ಡಿಗಳನ್ನು ಸೈಕಲ್ ಅಂಗಡಿಯವರ ಹಾಗೆ ಒಂದೊಂದಾಗಿ ಪೋಣಿಸಬೇಕು. ಜಪಾನಿನ ಶಿಜುವೊಕಾದಲ್ಲಿರುವ ತಮಿಯಾ ಕಂಪನಿ 1967ರಲ್ಲಿ ಹೋಂಡಾದ ಫಾರ್ಮುಲಾ ಒನ್ ಕಾರಿನಿಂದ 1/12 ಅಳತೆಗೆ ಕೈಹಾಕಿತು. 1976ರಲ್ಲಿ ಅವರ ಪೋರ್ಷೆ 934 ಬಂತು. ನನ್ನ ಹನ್ನೊಂದರಲ್ಲಿ ಅದೂ ಒಂದು. ಅದರ ಹಿಂದಿನ ಕಥೆಯನ್ನು ಆವತ್ತು ಅಪ್ಪನಿಗೆ ಹೇಳಿದೆ. ಕಿಟ್ ಕರಾರುವಾಕ್ಕಾಗಿ ಬರಲೆಂದು ತಮಿಯಾದವರು ಒಂದು ನಿಜವಾದ ಪೋರ್ಷೆ 911 ಕೊಂಡು, ಪೂರ್ತಿ ಬಿಚ್ಚಿ ಅಳತೆ ತೆಗೆದರಂತೆ. ಬಿಚ್ಚಿದ್ದನ್ನು ಮತ್ತೆ ಜೋಡಿಸಲು ಆಗದೆ ಪೋರ್ಷೆಯ ಕೆಲಸಗಾರರನ್ನೇ ಕರೆಸಬೇಕಾಯಿತಂತೆ.

ಅಪ್ಪ ನಕ್ಕರು. ಅಮ್ಮ ಹೋದ ಮೇಲೆ ಅವರು ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

“ಬಿಚ್ಚಾಕ ಎಲ್ಲಾರಿಗೂ ಬರತೈತಿ ತಮ್ಮಾ. ಹೊಂದಸಾಕ ಬರಬೇಕು.”

ಆಮೇಲೆ ಅವರೇ ಒಂದು ಡಬ್ಬಿ ಎತ್ತಿಕೊಂಡರು. ಇಟಲಿಯ ಇಟಾಲೆರಿ ಕಂಪನಿಯ 1/12 ಅಳತೆಯ ಫಿಯಟ್ 500. ಮುಚ್ಚಳದ ಮೇಲಿನ ಫಿಯಟ್ ಎಂಬ ಅಕ್ಷರ ಅವರನ್ನು ಎಳೆದಿತ್ತು. ಅವರ ಜೀವಮಾನದ ಮುಕ್ಕಾಲು ಪಾಲು ಫಿಯಟ್ ಗಾಡಿಗಳ ಕೆಳಗೇ ಕಳೆದಿದೆ. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ಕಟ್ಟುತ್ತಿದ್ದ ಫಿಯಟ್ 1100, ಆಮೇಲೆ ಅದೇ ಪದ್ಮಿನಿ. ಮುಂಬಯಿಯ ಓದುಗರಿಗೆ ಹೇಳಬೇಕಿಲ್ಲ. ಆ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳ ಕಾಲ 2023ರ ಅಕ್ಟೋಬರ್‌ನಲ್ಲಿ ಮುಗಿಯಿತು.

ಅಪ್ಪ ಬಿಡಿಭಾಗಗಳ ಚೌಕಟ್ಟುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಎರಡು ಸಲ ನೋಡಿದರು. ಹುಬ್ಬು ಗಂಟಿಕ್ಕಿತು.

“ರೇಡಿಯೇಟರ್ ಎಲ್ಲೈತಿ? ಡಬ್ಬಿ ತುಂಬೋ ಮುಂದ ಮರತಾರೇನು?”

ಮರೆತಿರಲಿಲ್ಲ. ಫಿಯಟ್ 500ಕ್ಕೆ ರೇಡಿಯೇಟರೇ ಇಲ್ಲ. ಎರಡು ಸಿಲಿಂಡರಿನ, ಗಾಳಿಯಿಂದ ತಣ್ಣಗಾಗುವ ಪುಟ್ಟ ಇಂಜಿನ್, ಅದೂ ಕಾರಿನ ಹಿಂಭಾಗದಲ್ಲಿ. 1957ರಲ್ಲಿ ಬಂದ ಈ ಕಾರಿನ ಉದ್ದ ಮೂರು ಮೀಟರ್‌ಗಿಂತ ಕಡಿಮೆ. ಯುದ್ಧದ ನಂತರ ಸ್ಕೂಟರಿನಲ್ಲಿ ಓಡಾಡುತ್ತಿದ್ದ ಇಟಲಿಯ ಸಂಸಾರಗಳಿಗೆ ನಾಲ್ಕು ಚಕ್ರ ಕೊಡಬೇಕೆಂದು ಮಾಡಿದ ಕಾರು. ಇದನ್ನು ರೂಪಿಸಿದ ಇಂಜಿನಿಯರ್ ಡಾಂಟೆ ಜಿಯಾಕೋಸಾ. ನಮ್ಮ ಪದ್ಮಿನಿಯ ಮೂಲವಾದ ಫಿಯಟ್ 1100 ಕೂಡ ಅವನ ಕೈಯದೇ. ಒಂದು ಗಾಡಿಯ ಇಂಜಿನ್ ಮುಂದೆ, ನಾಲ್ಕು ಸಿಲಿಂಡರ್, ನೀರು. ಇನ್ನೊಂದರದು ಹಿಂದೆ, ಎರಡು ಸಿಲಿಂಡರ್, ಗಾಳಿ. ಇದನ್ನು ಹೇಳಿದಾಗ ಅಪ್ಪ ಸುಮ್ಮನೆ ಕೇಳಿಸಿಕೊಂಡರು. ಒಬ್ಬ ಮನುಷ್ಯನ ಕೆಲಸವನ್ನು ಮೂವತ್ತೈದು ವರ್ಷ ಬಿಚ್ಚಿ ಹೊಂದಿಸಿದವರಿಗೆ ಅವನ ಹೆಸರು ತಿಳಿದದ್ದು ಎಪ್ಪತ್ತೊಂದನೇ ವಯಸ್ಸಿನಲ್ಲಿ. “ಜಿಯಾಕೋಸಾ” ಎಂದು ಒಂದು ಸಲ ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ, “ನಾಳೆಯಿಂದ ಹಚ್ಚೋಣು” ಅಂದರು.

ಹೀಗೆ ಶುರುವಾಯಿತು. ರಾತ್ರಿ ಊಟದ ಮೇಲೆ ಒಂದು ಗಂಟೆ, ಡೈನಿಂಗ್ ಟೇಬಲ್ಲಿನ ಮೇಲೆ ಹಳೆಯ ಪೇಪರು ಹಾಸಿಕೊಂಡು. ಚೌಕಟ್ಟಿನಿಂದ ಕಟ್ಟರಿನಲ್ಲಿ ಭಾಗ ಕತ್ತರಿಸುವುದು, ಕತ್ತರಿಸಿದ ಗುರುತನ್ನು ಮರಳುಕಾಗದದಿಂದ ಉಜ್ಜುವುದು, ಒಣದಾಗಿ ಜೋಡಿಸಿ ನೋಡುವುದು, ಆಮೇಲೆ ಅಂಟು. ಈ ಅಂಟು ಫೆವಿಕಾಲಿನ ಹಾಗಲ್ಲ. ನೀರಿನಷ್ಟು ತೆಳುವಾದ ಈ ದ್ರವ ಪ್ಲಾಸ್ಟಿಕ್ಕನ್ನೇ ತುಸು ಕರಗಿಸಿ ಎರಡು ತುಂಡುಗಳನ್ನು ಒಂದು ಮಾಡುತ್ತದೆ. “ಇದು ಅಂಟಲ್ಲ, ವೆಲ್ಡಿಂಗು” ಎಂದು ಅಪ್ಪ ತೀರ್ಪು ಕೊಟ್ಟರು. ಸರಿಯಾದ ಮಾತೇ.

ಒಂದು ತೊಂದರೆ ಇತ್ತು. ಅಪ್ಪನ ಬಲಗೈ ಎರಡು ವರ್ಷದಿಂದ ಸಣ್ಣಗೆ ನಡುಗುತ್ತದೆ. ಮೊದಲ ವಾರ ಗಡಿಯಾರದ ಮುಳ್ಳಿನಷ್ಟು ಚಿಕ್ಕ ಭಾಗವೊಂದನ್ನು ಕೂರಿಸಲು ಹೋಗಿ, ಮೂರು ಸಲ ಬೀಳಿಸಿ, ಚಿಮುಟ ಕೆಳಗಿಟ್ಟು ಎದ್ದುಹೋದರು. ಮರುದಿನ ಟೇಬಲ್ಲಿಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ನಾನು ಕರೆಯಲಿಲ್ಲ, ಕರೆದರೆ ಏನನ್ನಬೇಕು ಎಂದು ತಿಳಿಯಲಿಲ್ಲ.

ಅವರನ್ನು ಮರಳಿ ಕರೆತಂದದ್ದು ನನ್ನ ತಪ್ಪು. ಅಪ್ಪನ ಗ್ಯಾರೇಜಿಗೆ ಖಾಯಂ ಬರುತ್ತಿದ್ದ ಡಾಕ್ಟರೊಬ್ಬರ ಫಿಯಟ್ ಕಡುನೀಲಿ ಇತ್ತೆಂದು ನಮ್ಮ ಕಾರಿಗೂ ಅದೇ ಬಣ್ಣ ಎಂದು ಗೊತ್ತುಮಾಡಿದ್ದೆವು. ಜುಲೈ ತಿಂಗಳು, ಪುಣೆಯಲ್ಲಿ ಜಿಟಿಜಿಟಿ ಮಳೆ. ನಾನು ಆತುರಪಟ್ಟು ಬಾಲ್ಕನಿಯಲ್ಲಿ ಏರ್‌ಬ್ರಷ್ ಹಿಡಿದು ಲ್ಯಾಕರ್ ಬಣ್ಣ ಹೊಡೆದೆ. ಹತ್ತು ನಿಮಿಷದಲ್ಲಿ ನೀಲಿಯ ಮೇಲೆಲ್ಲ ಬೂದಿ ಬಳಿದ ಹಾಗೆ ಬಿಳಿಚಿಕೊಂಡಿತು. ಥಿನ್ನರ್ ಬೇಗ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಬಣ್ಣದೊಳಗೆ ಸಿಕ್ಕಿಕೊಳ್ಳುತ್ತದೆ. ಈ ವಿಜ್ಞಾನ ನಾನು ಆಮೇಲೆ ಓದಿಕೊಂಡದ್ದು. ಅಪ್ಪನಿಗೆ ಅದು ಅನುಭವದಿಂದಲೇ ಗೊತ್ತಿತ್ತು.

“ಮಳಿಗಾಲದಾಗ ನಾವು ಪೇಂಟಿಂಗ್ ಕೆಲಸಾನ ಹಿಡೀತಿರಲಿಲ್ಲ. ಹಿಡದರ ಬಲ್ಬ್ ಹಚ್ಚತಿದ್ವಿ” ಎನ್ನುತ್ತಾ ಒಂದು ರಟ್ಟಿನ ಪೆಟ್ಟಿಗೆ ತರಿಸಿದರು. ಒಳಗೆ ಮೇಲುಗಡೆ ನಲವತ್ತು ವಾಟಿನ ಬಲ್ಬ್. ಗಾಳಿಯಾಡಲು ನಾಲ್ಕು ತೂತು. ಪ್ಲಾಸ್ಟಿಕ್ ಬಾಗದಂತೆ ಬಾಡಿಯನ್ನು ಬಲ್ಬಿನಿಂದ ದೂರ ಇಡಬೇಕು, ಒಳಗೆ ಕೈಯಿಟ್ಟರೆ ಬೆಚ್ಚಗಿರಬೇಕು, ಸುಡಬಾರದು. ಕೆಟ್ಟ ಬಣ್ಣವನ್ನು ನೀರುಹಚ್ಚಿದ ಮರಳುಕಾಗದದಿಂದ ಉಜ್ಜಿ ತೆಗೆದವರೂ ಅಪ್ಪನೇ. ಅಲ್ಲಿಗೆ ನನಗೊಂದು ವಿಷಯ ಹೊಳೆಯಿತು. ಉಜ್ಜುವ ಕೆಲಸಕ್ಕೆ ಕೈನಡುಕ ಅಡ್ಡಿಯಲ್ಲ. ಬಿಸಿಲು ಬಿದ್ದ ಮೂರು ದಿನಗಳಲ್ಲಿ ತೆಳುವಾಗಿ ಪದರದ ಮೇಲೆ ಪದರ ಹೊಡೆದೆ. ಪದರಗಳ ನಡುವೆ ಅಪ್ಪ ಉಜ್ಜಿದರು. ಆ ಬಾಡಿಯಲ್ಲಿ ಈಗ ನಮ್ಮ ಟ್ಯೂಬ್‌ಲೈಟು ಕಾಣುತ್ತದೆ.

ಅಲ್ಲಿಂದ ಕೆಲಸ ತಾನೇ ಹಂಚಿಕೆಯಾಯಿತು. ಚಿಮುಟದ ಕೆಲಸ ನನ್ನದು. ಉಜ್ಜುವುದು, ಹೊಳಪು ಕೊಡುವುದು, ತಪ್ಪು ಹಿಡಿಯುವುದು ಅಪ್ಪನದು. ಒಂಬತ್ತು ವರ್ಷದ ಮಗಳು ಭಾಗದ ನಂಬರ್ ಓದಿ ಹುಡುಕಿಕೊಡುತ್ತಿದ್ದಳು. ಅಜ್ಜ ಅವಳಿಗೆ ಕ್ಲಚ್ ಅಂದರೇನು, ಗೇರ್ ಯಾಕೆ ಬೇಕು ಎಂದು ಹೇಳುತ್ತಿದ್ದರು. ಹುಬ್ಬಳ್ಳಿಯ ಗ್ಯಾರೇಜಿನ ಕಥೆಗಳು ಬಂದವು. ಅಮ್ಮನ ಹೆಸರೂ ಬಂತು. ಮದುವೆಯಾದ ಹೊಸತರಲ್ಲಿ ಯಾರದೋ ರಿಪೇರಿಗೆ ಬಂದ ಫಿಯಟ್‌ನಲ್ಲಿ, ‘ಟ್ರಯಲ್’ ನೆಪದಲ್ಲಿ, ಅಮ್ಮನನ್ನು ಧಾರವಾಡದವರೆಗೆ ಕೂರಿಸಿಕೊಂಡು ಹೋಗಿದ್ದರಂತೆ. ನನಗೆ ಮೂವತ್ತೆಂಟು ವರ್ಷ. ಈ ಕಥೆ ಅಲ್ಲಿಯವರೆಗೆ ಕೇಳಿರಲಿಲ್ಲ.

ಇನ್ನೊಂದು ಎಡವಟ್ಟೂ ಆಯಿತು. ಕನ್ನಡಿಯ ಚೌಕಟ್ಟು ಅಂಟಿಸಲು ಸೂಪರ್ ಗ್ಲೂ ಬಳಸಿದೆ. ಅದರ ಹೊಗೆ ಪಕ್ಕದಲ್ಲಿದ್ದ ಮುಂದಿನ ಗಾಜಿಗೆ ತಾಗಿ ಮಂಜು ಕವಿದಂತಾಯಿತು. ಪಾರದರ್ಶಕ ಭಾಗಗಳ ಹತ್ತಿರ ಆ ಅಂಟು ತರಬಾರದೆಂದು ಎಲ್ಲ ಕಡೆ ಬರೆದಿರುತ್ತದೆ, ನಾನೂ ಓದಿದ್ದೆ. ಅಪ್ಪ ಕಾರಿಗೆ ಹಚ್ಚುವ ರಬ್ಬಿಂಗ್ ಕಾಂಪೌಂಡ್ ತರಿಸಿ, ಹಳೆಯ ಬನಿಯನ್ನಿನ ತುಂಡಿಗೆ ಚೂರೇ ಹಚ್ಚಿ, ಒಂದೇ ಬೆರಳಿನಲ್ಲಿ ಎರಡು ಸಂಜೆ ತಿಕ್ಕಿದರು. ಗಾಜು ತಿಳಿಯಾಯಿತು.

ಹಳೆಯ ಚಾರ್ಜರಿನ ವೈರ್ ಸೀಳಿ ತೆಗೆದ ಎಳೆಗಳನ್ನು ಪ್ಲಗ್ ವೈರಾಗಿ ಹಾಕಿದ್ದು ಕೊನೆಯ ಕೆಲಸ. ದೀಪಾವಳಿಯ ಹೊತ್ತಿಗೆ ಕಾರು ಮುಗಿಯಿತು. 25 ಸೆಂ.ಮೀ. ಉದ್ದ, ನಾಲ್ಕು ತಿಂಗಳು. ಬಲಗಡೆ ಬಾಗಿಲಿನ ಸಂದು ಎಡಗಡೆಯದಕ್ಕಿಂತ ಕೂದಲಷ್ಟು ಹೆಚ್ಚಿದೆ. ಸರಿಮಾಡಲೇ ಎಂದು ಕೇಳಿದೆ. “ಇರಲಿ ಬಿಡು. ಪದ್ಮಿನಿ ಬಾಗಲಾ ಯಾವು ಸಮ ಇದ್ದುವು?” ಅಂದರು ಅಪ್ಪ.

ಶುರುಮಾಡಬೇಕು ಅನ್ನುವವರಿಗೆ ನಾಲ್ಕು ಮಾತು. ಮೊದಲ ಕಿಟ್ 1/24 ಇರಲಿ. ದೊಡ್ಡದರಲ್ಲಿ ತಪ್ಪೂ ದೊಡ್ಡದಾಗಿಯೇ ಕಾಣುತ್ತದೆ. ಒಳ್ಳೆಯ ಕಟ್ಟರ್, ಚೂಪಾದ ಬ್ಲೇಡ್, 400ರಿಂದ 2000 ನಂಬರಿನವರೆಗೆ ಮರಳುಕಾಗದ, ತೆಳು ಅಂಟು ಇದ್ದರೆ ಸಾಕು; ಏರ್‌ಬ್ರಷ್ ಆಮೇಲೆ. ಬಣ್ಣ ಹೊಡೆಯುವಾಗ ಕಿಟಕಿ ತೆರೆದು, ಥಿನ್ನರಿನ ಆವಿ ತಡೆಯುವ ಮಾಸ್ಕ್ ಹಾಕಿಕೊಳ್ಳಿ. ಬಟ್ಟೆಯ ಮಾಸ್ಕಿನಿಂದ ಉಪಯೋಗವಿಲ್ಲ. ಕೊನೆಯದು: ಒಂದನ್ನು ಮುಗಿಸುವವರೆಗೆ ಇನ್ನೊಂದು ಕೊಳ್ಳಬೇಡಿ. ಇದನ್ನು ನಾನು ಹೇಳಿದರೆ ಮನೆಯಲ್ಲಿ ನಗುತ್ತಾರೆ, ಆದರೂ ಹೇಳುತ್ತಿದ್ದೇನೆ.

ಅಪ್ಪ ದೀಪಾವಳಿ ಮುಗಿಸಿಕೊಂಡು ಹುಬ್ಬಳ್ಳಿಗೆ ಮರಳಿದರು. ಅಲ್ಲಿ ಮನೆಯಿದೆ, ಪರಿಚಯದವರಿದ್ದಾರೆ, ಇಲ್ಲಿಯ ಲಿಫ್ಟು ಅವರಿಗೆ ಆಗಿಬರಲಿಲ್ಲ. ನೀಲಿ ಫಿಯಟ್ಟನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ತೊಡೆಯ ಮೇಲೆ ಇರಿಸಿಕೊಂಡು ರೈಲಿನಲ್ಲಿ ಒಯ್ದರು. ಉಳಿದ ಹತ್ತು ಡಬ್ಬಿಗಳಲ್ಲಿ ಆರನ್ನು ಮಾರಿದೆ, ಕಟ್ಟುತ್ತೇನೆ ಎಂದು ಮಾತು ಕೊಟ್ಟವರಿಗೇ. ಮೂರು ಕಪಾಟಿನ ಮೇಲಿವೆ.

ಹತ್ತನೆಯದು ಪೋರ್ಷೆ. ಅದೀಗ ಡೈನಿಂಗ್ ಟೇಬಲ್ಲಿನ ಮೇಲೆ ಬಿಚ್ಚಿಕೊಂಡಿದೆ. ರಾತ್ರಿ ಒಂಬತ್ತಕ್ಕೆ ಅಪ್ಪನ ವಿಡಿಯೋ ಕಾಲ್ ಬರುತ್ತದೆ. ಫೋನನ್ನು ನೀರಿನ ಚೊಂಬಿಗೆ ಒರಗಿಸಿ ಇಡುತ್ತೇನೆ. ಊಟ, ಗುಳಿಗೆ ಎಲ್ಲ ಆಮೇಲೆ. ಮೊದಲು ಅವರು ಕೇಳುವುದು, “ಎಲ್ಲೀತನಕ ಬಂತು? ಸ್ವಲ್ಪ ಹತ್ರ ಹಿಡಿ, ನೋಡೋಣು.”